ಒಲೆ ಹಚ್ಚದ ಎರಡು ಮನೆಗಳು

ಒಂದು ಊರು, ಆ ಊರಿನಲ್ಲಿ ಒಬ್ಬ ಶ್ರೀಮಂತ. ಬಜಾರಿನಲ್ಲಿ ಅವನಿಗೆ ಸಾಲು ಮಳಿಗೆಗಳಿದ್ದವು. ಬಾಡಿಗೆ ತಾನಾಗಿ ಮನೆಗೆ ಬರುತ್ತಿತ್ತು, ಇವನು ಮನೆ ಬಿಟ್ಟು ಹೋಗುತ್ತಿರಲಿಲ್ಲ. ಮನೆಯಲ್ಲಿ ಕೂತು ಏನು ಮಾಡುತ್ತಿದ್ದ? ಧಾರಾವಾಹಿ ನೋಡುತ್ತಿದ್ದ.

ನೋಡಿ, ಧಾರಾವಾಹಿ ಎಂದ ಕೂಡಲೇ ಈ ಕಡೆ ಕೂತ ಗಂಡಸರೆಲ್ಲ ತಾಯಂದಿರ ಕಡೆ ತಿರುಗಿ ನಕ್ಕಿರಿ. ನಗಬೇಡಿ. ನನ್ನ ಕಥೆಯಲ್ಲಿ ಧಾರಾವಾಹಿಯ ಹುಚ್ಚು ಹಿಡಿದವನು ಮೀಸೆ ಹೊತ್ತ ಗಂಡಸು. ಅವನ ಹೆಂಡತಿ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಮನೆಯಲ್ಲಿ ಇದ್ದವರು ಅವನು, ಶಾಲೆಗೆ ಹೋಗುವ ಅವನ ಮಗಳು, ಮತ್ತೆ ಶೌರ್ಯವರ್ಧನ.

ಶೌರ್ಯವರ್ಧನ ಯಾರು ಎಂದಿರಾ? ಸಂಜೆ ಏಳೂವರೆಯ ಧಾರಾವಾಹಿಯ ನಾಯಕ. ಈ ಕಥೆಯಲ್ಲಿ ಬೇರೆ ಯಾರಿಗೂ ಹೆಸರಿಲ್ಲ, ಅವನೊಬ್ಬನಿಗೆ ಇದೆ. ಯಾಕೆಂದರೆ ಆ ಮನೆಯಲ್ಲಿ ಹೆಸರು ಹಿಡಿದು, ಕಾಳಜಿಯಿಂದ ವಿಚಾರಿಸುತ್ತಿದ್ದದ್ದು ಅವನೊಬ್ಬನನ್ನೇ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ಒಬ್ಬ ದರ್ಜಿ ಇದ್ದ. ಮಗಳ ಶಾಲೆಯ ಬಟ್ಟೆ ಹೊಲಿದವನು ಅವನೇ. ಅವನ ಹೆಸರು ಶ್ರೀಮಂತನಿಗೆ ಗೊತ್ತಿರಲಿಲ್ಲ. ಶೌರ್ಯವರ್ಧನನ ಸೋದರತ್ತೆಯ ಮೊದಲ ಗಂಡನ ಹೆಸರು ಗೊತ್ತಿತ್ತು!

ಈ ಮನುಷ್ಯನಿಗೆ ಇನ್ನೊಂದು ವಿದ್ಯೆ ಇತ್ತು. ಟೀವಿ ನೋಡಿ ನೋಡಿಯೇ ಕೇಕು ಮಾಡುವುದನ್ನು ಕಲಿತಿದ್ದ. ತತ್ತಿ ಹಾಕದ ಕೇಕು, ಮೊಸರು ಹಾಕಿ ಉಬ್ಬಿಸಿದ್ದು. ಸುಳ್ಳು ಯಾಕೆ ಹೇಳಲಿ, ಕೈರುಚಿ ಚೆನ್ನಾಗಿತ್ತು. ಆದರೆ ಯಾವಾಗ ಮಾಡುತ್ತಿದ್ದ? ಶೌರ್ಯವರ್ಧನನಿಗೆ ನಿಶ್ಚಿತಾರ್ಥವಾದರೆ ಓಣಿಗೆಲ್ಲ ಕೇಕು. ಅವನ ಮಲತಾಯಿ ಜೈಲಿಗೆ ಹೋದರೆ ಕೇಕಿನ ಮೇಲೆ ಗೋಡಂಬಿ. ಮಗಳ ಹುಟ್ಟುಹಬ್ಬದ ದಿನ ಮಾತ್ರ ಮಹಾಸಂಚಿಕೆ ಇತ್ತು, ಅಂಗಡಿಯಿಂದ ಬನ್ನು ತರಿಸಿ ಮೇಲೆ ಮೇಣದಬತ್ತಿ ಸಿಕ್ಕಿಸಿದ.

ಮಗಳನ್ನು ಹೇಗೆ ನೋಡಿಕೊಳ್ಳುತ್ತಿದ್ದ ಗೊತ್ತೇ? ಜಾಹೀರಾತು ಬಂದಾಗ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಮರುಪ್ರಸಾರ ನೋಡುತ್ತ ಅವಳ ಜಡೆ ಹೆಣೆಯಲು ಕೂರುತ್ತಿದ್ದ. ಒಂದು ಜಡೆ ಮುಗಿಯುವಷ್ಟರಲ್ಲಿ ಜಾಹೀರಾತೂ ಮುಗಿಯುತ್ತಿತ್ತು. ಹುಡುಗಿ ಒಂದು ಜಡೆ ಬಿಗಿ, ಒಂದು ಜಡೆ ಸಡಿಲ ಮಾಡಿಕೊಂಡು ಶಾಲೆಗೆ ಹೋಗುತ್ತಿದ್ದಳು. ಏನು ಹೇಳಲು ಹೋದರೂ ಅಪ್ಪನದು ಒಂದೇ ಮಾತು, ಜಾಹೀರಾತು ಬರಲಿ ತಡಿ.

ಹೀಗಿರಲು ಒಂದು ಸಂಜೆ ಶೌರ್ಯವರ್ಧನ ಸತ್ತ. ಕಾರು ಕಣಿವೆಗೆ ಬಿತ್ತು, ಬೆಂಕಿ ಹತ್ತಿತು. ಶ್ರೀಮಂತ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವನು ಅಳುತ್ತಿರುವಾಗಲೇ ಗೋಡೆಯ ಆಚೆಯಿಂದಲೂ ಒಂದು ಅಳು ಕೇಳಿಸಿತು. ಹೆಂಗಸಿನ ಅಳು, ಕರುಳು ಕಿತ್ತು ಬರುವ ಅಳು. ಇವನು ಏನೆಂದುಕೊಂಡ? ಕೇಳಿ, ಏನೆಂದುಕೊಂಡ?

"ನೋಡವಾ, ಬಾಜೂ ಮನ್ಯಾಗೂ ಅಳಾಕತ್ತಾರ," ಎಂದು ಮಗಳಿಗೆ ಹೇಳಿದ. "ಎಂಥಾ ಮನಿಷಾ ಇದ್ದ ಅವ."

ಮಗಳು ಓಡಿಹೋಗಿ ನೋಡಿದಳು. ದರ್ಜಿ ಹೊಲಿಯುವ ಯಂತ್ರದ ಮುಂದೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ಹೆಂಡತಿ ಎದೆ ಬಡಿದುಕೊಳ್ಳುತ್ತಿದ್ದಳು, ಪುಟ್ಟ ಮಗ ಮೂಲೆಯಲ್ಲಿ ನಿಂತಿದ್ದ. ಹುಡುಗಿ ತಿರುಗಿ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ಇವನು ಹೋದ, ಬಾಗಿಲಲ್ಲೇ ಕೈ ಮುಗಿದ, ಬಂದು ಮಲಗಿದ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಬುತ್ತಿ ಕೊಡುತ್ತಾರೆ. ಇದು ನಮ್ಮ ಹಿರಿಯರು ಮಾಡಿಟ್ಟ ರೂಢಿ. ಗೋಡೆ ಹಂಚಿಕೊಂಡ ಮನೆಯದು ಮೊದಲ ಬುತ್ತಿ. ಓಣಿಯವರು ಏನು ಮಾಡಿದರು? ಮೊದಲ ಬುತ್ತಿ ದೊಡ್ಡ ಮನೆಯಿಂದ ಹೋಗಿರುತ್ತದೆ ಎಂದುಕೊಂಡರು, ಉಂಡು ಕೈ ತೊಳೆದರು. ದೊಡ್ಡ ಮನೆಯಲ್ಲಿ ಏನಾಗಿತ್ತು? ಮರುದಿನ ಬೆಳಿಗ್ಗೆ ಮಗಳು ಬಂದು ಅಪ್ಪನ ಮುಂದೆ ನಿಂತಳು.

"ಅಪ್ಪಾ, ಅವರ ಮನ್ಯಾಗ ಒಲಿ ಹಚ್ಚಿಲ್ಲ. ನಾವು ಬುತ್ತಿ ಕೊಡೂಣು."

"ನಮ್ಮನ್ಯಾಗೂ ಹಚ್ಚಿಲ್ಲವಾ," ಎಂದ ಅವನು. "ನನ್ನ ಮನಸ್ಸಿಗೆ ಭಾಳ ತ್ರಾಸ ಆಗೇತಿ. ಶೌರ್ಯವರ್ಧನನ ಕಾರ್ಯ ಮುಗಿಯೂತನಾ ನಾ ಒಲಿ ಮುಟ್ಟೂದಿಲ್ಲ."

ಶರಣರು ನಿಜವಾದ ಸಾವಿಗೇ ಸೂತಕ ಬೇಡ ಎಂದರು. ಈ ಮಹಾನುಭಾವ ಸುಳ್ಳು ಸಾವಿಗೆ ಸೂತಕ ಹಿಡಿದ! ಹಾಗಾದರೆ ಉಪವಾಸ ಬಿದ್ದನೇ? ಛೆ ಛೆ. ಹೋಟೆಲಿನಿಂದ ಇಡ್ಲಿ ವಡೆ ತರಿಸಿದ. ದುಃಖದ ಪಾಡಿಗೆ ದುಃಖ, ಹೊಟ್ಟೆಯ ಪಾಡಿಗೆ ಹೊಟ್ಟೆ. ಹುಡುಗಿ ತನ್ನ ಪಾಲಿನ ಇಡ್ಲಿಯನ್ನು ಲಂಗದಲ್ಲಿ ಮುಚ್ಚಿಕೊಂಡು ಹೋಗಿ ದರ್ಜಿಯ ಮಗನಿಗೆ ತಿನ್ನಿಸಿ ಬಂದಳು. ಹಿಂದಿನ ರಾತ್ರಿಯಿಂದ ಆ ಮಗುವಿನ ಹೊಟ್ಟೆಗೆ ಬಿದ್ದದ್ದು ಅಷ್ಟೇ. ಇಷ್ಟು ಜನ ಇದ್ದ ಓಣಿಯಲ್ಲಿ, ಅಷ್ಟೇ.

ಮುಂದಿನ ವಾರ ಏನಾಯಿತು ಬಲ್ಲಿರಾ? ಬಲ್ಲಿರಿ, ನೀವೂ ನೋಡುವವರೇ. ಶೌರ್ಯವರ್ಧನ ಸತ್ತಿರಲಿಲ್ಲ. ಕಾರಿನಿಂದ ಹಾರಿ, ಹೊಳೆಯಲ್ಲಿ ತೇಲಿ, ಯಾರದೋ ಗುಡಿಸಲಿನಲ್ಲಿ ಬದುಕಿಕೊಂಡು ಮನೆಗೆ ಬಂದ. ಶ್ರೀಮಂತ ಎದ್ದು ಕುಣಿದ. ಮೈದಾ ಜರಡಿ ಹಿಡಿದ, ಬೆಣ್ಣೆ ಕರಗಿಸಿದ, ಓವನ್ ಹಚ್ಚಿದ. ದುಃಖದಲ್ಲಿದ್ದಾಗ ಏಳದ ಕೈ ಈಗ ಎದ್ದಿತು ನೋಡಿ! ಮರುದಿನದ ಸಂಚಿಕೆ ಶುರುವಾಗುವ ಮೊದಲು ಓಣಿಗೆಲ್ಲ ಕೇಕು ಹಂಚಬೇಕೆಂದ. ಎಲ್ಲ ಮನೆಗೂ ತುಂಡು ಇಟ್ಟು ಮಗಳ ಕೈಗೆ ತಟ್ಟೆ ಕೊಟ್ಟ. ದರ್ಜಿಯ ಮನೆಗೂ ಒಂದು. ಅವರ ಮನೆಗೆ ಬೇಡ ಎಂದು ಹುಡುಗಿ ಬೇಡಿಕೊಂಡಳು. ಯಾರನ್ನೂ ಬಿಡಬಾರದು, ಒಳ್ಳೆಯ ಸುದ್ದಿ ಎಂದು ಅಪ್ಪ ಗದರಿದ.

ದರ್ಜಿಯ ಹೆಂಡತಿ ಹೊಸ್ತಿಲಲ್ಲಿ ಕೂತಿದ್ದಳು. ಏನು ವಿಶೇಷ ಎಂದು ಕೇಳಿದಳು. ಹುಡುಗಿ ಸುಳ್ಳು ಕಲಿತಿರಲಿಲ್ಲ.

"ಟೀವ್ಯಾಗ ಸತ್ತಾವ ಎದ್ದು ಬಂದಾನ್ರಿ ಕಾಕಿ. ಅದಕ್ಕ ಅಪ್ಪ ಮಾಡ್ಯಾನ."

ತಾಯಿಯ ಸೆರಗು ಹಿಡಿದು ನಿಂತಿದ್ದ ಪುಟ್ಟ ಹುಡುಗ ಕೇಕು ನೋಡಲಿಲ್ಲ. "ನಮ್ಮಪ್ಪ ಯಾವಾಗ ಬರ್ತಾನಬೇ?" ಎಂದು ತಾಯಿಯನ್ನು ಕೇಳಿದ.

ಆ ತಾಯಿ ಬೈಯಲಿಲ್ಲ, ತಟ್ಟೆ ಎಸೆಯಲಿಲ್ಲ. ಮಗನನ್ನು ತೊಡೆಯ ಮೇಲೆ ಎಳೆದುಕೊಂಡು ಹುಡುಗಿಗೆ ಹೇಳಿದಳು, "ತಗೊಂಡು ಹೋಗವ್ವ. ನಮ್ಮನ್ಯಾಗ ಸತ್ತಾರಂತ ನಿಮ್ಮಪ್ಪಗ ಹೇಳು."

ಹುಡುಗಿ ತಟ್ಟೆ ಹಿಡಿದುಕೊಂಡೇ ಬಂದು ಅಪ್ಪನ ಮುಂದೆ ನಿಂತಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅಪ್ಪಾ, ಕಾಕಿ ಒಂದು ಮಾತು ಹೇಳಿ ಕಳಿಸ್ಯಾಳ ಎಂದಳು. ಟೀವಿಯಲ್ಲಿ ಶೌರ್ಯವರ್ಧನನಿಗೆ ಆರತಿ ಎತ್ತುತ್ತಿದ್ದರು. ಇವನು ಮಗಳ ಮುಖ ನೋಡದೆ ಕೈ ಎತ್ತಿದ.

"ಜಾಹೀರಾತು ಬರಲಿ ತಡಿ."

ಇಷ್ಟೇ ಕಥೆ. ಅವನಿಗೆ ಆಮೇಲೆ ಬುದ್ಧಿ ಬಂತೇ ಎಂದು ನಿಮ್ಮ ಮುಖಗಳು ಕೇಳುತ್ತಿವೆ. ಬರಲಿಲ್ಲ. ಜಾಹೀರಾತು ಬಂದಾಗ ಮಗಳು ಅಲ್ಲಿರಲಿಲ್ಲ. ಮರುದಿನದಿಂದ ಆ ಹುಡುಗಿ ತನ್ನ ಎರಡೂ ಜಡೆಗಳನ್ನು ತಾನೇ ಹೆಣೆದುಕೊಂಡಳು. ಸೊಟ್ಟಗಿದ್ದವು, ಆದರೆ ಎರಡೂ ಬಿಗಿಯಾಗಿದ್ದವು. ಮಗಳು ಜಾಣೆಯಾದಳು ಎಂದು ಅಪ್ಪ ಹಿಗ್ಗಿದ. ಮೂರ್ಖ! ಮಗಳು ಜಾಣೆಯಾದದ್ದಲ್ಲ, ಅಪ್ಪನ ಆಸೆ ಬಿಟ್ಟದ್ದು. ಸತ್ತ ಶೌರ್ಯವರ್ಧನ ಎದ್ದು ಬಂದ. ಆ ಮಗಳು ಮತ್ತೆ ಅಪ್ಪನ ಮುಂದೆ ಬಂದು ಕೂರಲಿಲ್ಲ.

ಈಗ ಅವನನ್ನು ಬಿಡಿ, ನಿಮ್ಮ ಕಡೆ ಬರುತ್ತೇನೆ. ನಿಮ್ಮ ಪಕ್ಕದ ಮನೆಯವರ ಹೆಸರು ಹೇಳಿ ನೋಡೋಣ. ಅವರ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರು, ಉಂಡವರು ಎಷ್ಟು, ಉಣ್ಣದವರು ಎಷ್ಟು? ಗೊತ್ತಿಲ್ಲ. ಏಳೂವರೆಗೆ ಯಾರ ಮದುವೆ ಮುರಿಯಿತು ಎಂದು ಕೇಳಿದರೆ ಮಂಟಪವೆಲ್ಲ ಕೈ ಎತ್ತುತ್ತದೆ. ನಿಮ್ಮ ಕಣ್ಣೀರು ಒಳ್ಳೆಯದೇ, ಆದರೆ ಅದನ್ನು ಸುರಿಸುವ ಜಾಗ ನೋಡಿ. ಕೇಕು ಮಾಡಿ, ಬೇಡ ಎಂದವರು ಯಾರು? ಮೊದಲ ತುಂಡು ಮನೆಯ ಮಗುವಿಗೆ ಕೊಡಿ. ಮಗು ಅಪ್ಪಾ ಎಂದಾಗ, ಅವ್ವಾ ಎಂದಾಗ ಟೀವಿಯ ಗುಂಡಿ ಒತ್ತಿ ಆರಿಸಿ ಅದರ ಮುಖ ನೋಡಿ. ಜಾಹೀರಾತಿಗೆ ಕಾಯಬೇಡಿ. ನೆರೆಮನೆಯ ಅಳು ಕೇಳಿದರೆ ಮೊದಲ ಬುತ್ತಿ ನಿಮ್ಮದೇ ಎಂದು ತಿಳಿಯಿರಿ, ದೊಡ್ಡ ಮನೆಯವರು ಕೊಟ್ಟಾರು ಎಂದು ಕೈ ತೊಳೆಯಬೇಡಿ.

ಇವತ್ತಿನ ಪ್ರವಚನವನ್ನು ಏಳು ಗಂಟೆಗೇ ಮುಗಿಸಬೇಕೆಂದು ನಿಮ್ಮ ಕಮಿಟಿಯವರು ಬಂದು ಕೈ ಮುಗಿದು ಕೇಳಿಕೊಂಡರು. ಯಾಕೆ ಎಂದು ನಾನು ಕೇಳಲಿಲ್ಲ, ಗೊತ್ತಾಯಿತು. ಮುಗಿಸಿದ್ದೇನೆ. ಆದರೆ ಓಡಬೇಡಿ, ನಿಧಾನವಾಗಿ ನಡೆದುಕೊಂಡು ಹೋಗಿ. ನಿಮ್ಮ ಓಣಿಯಲ್ಲಿ ಯಾರ ಮನೆಯ ಒಲೆ ಉರಿದಿಲ್ಲ ಎಂದು ಬಗ್ಗಿ ನೋಡಿಕೊಂಡು ಹೋಗಿ. ಶೌರ್ಯವರ್ಧನ ಎಲ್ಲಿಗೂ ಹೋಗುವುದಿಲ್ಲ, ಅವನಿಗೆ ಸಾವಿಲ್ಲ. ಪಕ್ಕದ ಮನೆಯವನಿಗೆ ಇದೆ.