ಟ್ರಾಲಿ ತಳದ ಕಾಳು

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಮಹಾರುದ್ರಪ್ಪನವರೇ, ನಮ್ಮ ರೈತ ಕಂಪನಿಯ ಮ್ಯಾನೇಜರ್ ಸತೀಶಕುಮಾರ ಸಾಹೇಬರೇ, ಬಸವಕಲ್ಯಾಣದಿಂದ ಬಂದ ದಾಲ್‌ಮಿಲ್ ಮಾಲೀಕರೇ, ಹಿಂದೆ ನೆಲದ ಮೇಲೆ ಕುಳಿತ ಹಮಾಲರೇ, ಕೂಲಿಯ ಅಕ್ಕಂದಿರೇ, ಎಲ್ಲ ಸಭಿಕರೇ, ರೂಪಾಲಿಯ ವಂದನೆಗಳು.

ಹುಮನಾಬಾದ್ ಗೋದಾಮಿನಲ್ಲಿ ಮೂಟೆ ಸ್ಕ್ಯಾನ್ ಮಾಡುವವಳಿಗೆ ಶಾಲು ಹೊದಿಸಿದ್ದೀರಿ, ಸಂತೋಷ. ಮೈಕನ್ನೂ ಕೊಟ್ಟಿದ್ದೀರಿ, ಅದು ನಿಮ್ಮ ತಪ್ಪು.

ನಮ್ಮ ಗೋದಾಮಿಗೆ ಬಂದ ಈ ಬ್ಲಾಕ್‌ಚೈನ್ ಎಂದರೇನು? ತೊಗರಿ ಯಾವ ಹೊಲದ್ದು, ಯಾವ ಟ್ರಾಲಿಯಲ್ಲಿ ಬಂತು, ಯಾವ ಮಿಲ್ಲಿಗೆ ಹೋಯಿತು, ಎಲ್ಲವೂ ಒಂದಕ್ಕೊಂದು ಕೊಂಡಿಯಾಗಿ ದಾಖಲಾಗುತ್ತದೆ. ಒಮ್ಮೆ ದಾಖಲಾದದ್ದನ್ನು ಅಧ್ಯಕ್ಷರೂ ಅಳಿಸಲಾರರು. ಈ ಸನ್ಮಾನಕ್ಕೆ ಕಾರಣವಾದ ಆ ದಿನ, ಮುಡಬಿಯಿಂದ ಬಂದ ಟ್ರಾಲಿಯಲ್ಲಿ ಕೀಟನಾಶಕದ ಡಬ್ಬಿ ಸೋರಿತ್ತು. ಮೂಟೆಗಳೆಲ್ಲ ಹೊರಟ ಮೇಲೆ ಡ್ರೈವರ್ ಬಾಯಿಬಿಟ್ಟ. ಒಂದೊಂದು ಮೂಟೆ ಎಲ್ಲಿದೆ ಎಂದು ಮೊಬೈಲ್ ತೋರಿಸಿತು. ಬಸವಕಲ್ಯಾಣಕ್ಕೆ, ಚಿಟಗುಪ್ಪಕ್ಕೆ, ಸೊಲ್ಲಾಪುರಕ್ಕೆ ಫೋನ್ ಮಾಡಿ ಕೂಗಿ ಕೂಗಿ ಗಂಟಲು ಕಟ್ಟಿತು. ಸಂಜೆಯೊಳಗೆ ಎಲ್ಲವನ್ನೂ ತಡೆದೆವು. ನನಗೂ ಹಿಗ್ಗಾಯಿತು. ಯಾಕೆ ಆಗಬಾರದು?

ಆದರೆ ಟ್ರಾಲಿ ಖಾಲಿಯಾದ ಮೇಲೆ ತಳದಲ್ಲಿ ಉಳಿದ ಕಾಳು ಯಾರದು? ಗುಡಿಸಿದವಳದು. ಅದು ಅವಳ ಸೀರೆಯ ಉಡಿಗೆ ಸೇರುತ್ತದೆ. ನಮ್ಮ ಕಡೆ ಮೊದಲಿನಿಂದ ನಡೆದು ಬಂದ ಪದ್ಧತಿ. ತರಬೇತಿಯಲ್ಲೇ ನಾನು ಕೇಳಿದ್ದೆ, "ಸರ್, ಉಡಿ ಕಾಳು ಮೊಬೈಲ್‌ನ್ಯಾಗ ಎಲ್ಲಿ ಹಾಕಬೇಕ್ರಿ?" ಸಾಹೇಬರು ನಕ್ಕಿದ್ದರು. "ಅದು ಮಾಲಲ್ಲ ತಂಗಿ, ಅದು ಧರ್ಮ. ಧರ್ಮಕ್ಕ ಯಾವ ನಂಬರ?"

ಆ ಟ್ರಾಲಿ ಗುಡಿಸಿದವಳು ನನ್ನ ಅವ್ವ, ಗಯಾಬಾಯಿ. ನಾನು ಸೊಲ್ಲಾಪುರದವರ ಜೊತೆ ಕೂಗಾಡುತ್ತಿದ್ದಾಗ ಅವಳು ನಮ್ಮೂರು ದುಬಲಗುಂಡಿಯಲ್ಲಿ ಆ ಉಡಿ ಕಾಳಿನ ಗುಗ್ಗರಿ ಕುದಿಸುತ್ತಿದ್ದಳು. ನಾನು ಮನೆ ಮುಟ್ಟಿದಾಗ ಒದ್ದಾಡುತ್ತಿದ್ದಳು. "ಡೀಸೆಲ್ ವಾಸನಿ ಅನ್ಕೊಂಡಿದ್ದೆವ್ವಾ, ಚಲೋ ತೊಳದೀನಿ," ಅಂದಳು. ನನಗೂ ಒಂದು ಬಟ್ಟಲು ಮುಚ್ಚಿಟ್ಟಿದ್ದಳು. ಬೀದರ್ ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ನೀವೆಲ್ಲ ಮಣ್ಣಿಗೆ ಬಂದಿದ್ದಿರಿ. ಅಧ್ಯಕ್ಷರು ಕಣ್ಣೊರೆಸಿಕೊಂಡರು, ನಾನೇ ನೋಡಿದ್ದೇನೆ. ಆದರೂ ಈ ಮಾನಪತ್ರದಲ್ಲಿ "ಒಂದು ಜೀವಕ್ಕೂ ಹಾನಿಯಾಗದಂತೆ ಕಾಪಾಡಿದ" ಎಂದು ಬರೆಸಿದ್ದೀರಿ. ಈಗಷ್ಟೇ ಓದಿದೆ. ನನಗೆ ಸಿಟ್ಟು ಬಂದಿದೆ, ಸಭಿಕರೇ. ನನ್ನ ಅವ್ವನದು ಜೀವವಲ್ಲವೇ?

ಶಾಲು ಒಯ್ಯುತ್ತೇನೆ, ಚಳಿಯಿದೆ. ಮಾನಪತ್ರ ಇಲ್ಲೇ ಮೇಜಿನ ಮೇಲಿರಲಿ. ಆ ಸಾಲು ಹೊಡೆದುಹಾಕಿ ಗಯಾಬಾಯಿ ಎಂದು ಬರೆದ ದಿನ ಬಂದು ಒಯ್ಯುತ್ತೇನೆ. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮ್ಮೆಲ್ಲರ ಉಪಕಾರ. ಗುಡಿಸುವ ಅಕ್ಕಂದಿರೇ, ಇವತ್ತು ಮನೆಗೆ ಹೋಗುವ ಮುಂಚೆ ನಿಮ್ಮ ಉಡಿ ನನಗೊಮ್ಮೆ ತೋರಿಸಿ ಹೋಗ್ರಿ. ನಮಸ್ಕಾರ.