ಹಾಲುಕ್ಕುವ ಮುಂಚೆ

...ಆ ಮುದುಕಪ್ಪ ಏನಂದ ಜೋಯ್ಸ್? ಕೇಳಿದ್ದು ನಾನೇ, ಗೊತ್ತು. ಕಿಟಕಿ ಇಳಿಸಿ, ಲೀಕ್ಸ್‌ಲಿಪ್‌ಗೆ ದಾರಿ ಯಾವ್ದಪ್ಪ ಅಂತ ಕೇಳಿದೋಳೇ ನಾನು. ನಾಯೀನ ಮೊಣಕಾಲಿಗೆ ಒತ್ತಿ ಹಿಡ್ಕೊಂಡು ಎಷ್ಟು ಚೆನ್ನಾಗಿ ಹೇಳ್ದ. ಚರ್ಚ್ ದಾಟಿ ಎಡಕ್ಕೆ ಅಂದ್ನೋ, ಬಲಕ್ಕೆ ಅಂದ್ನೋ... ಕೊನೇಲಿ, ಇಲ್ಲಿನೋರು ಎಲ್ಲದಕ್ಕೂ ಅನ್ನೋ ಹಾಗೆ, ಗ್ರ್ಯಾಂಡ್, ಎಲ್ಲಾ ಚೆನ್ನಾಗಿದೆ ಅಂದಿದ್ದೊಂದು ನೆನಪಿದೆ.

ಯಾಕೆ ನಗ್ತೀಯ? ನಗು, ನಗು. ಭಾಷೆ ಬರದ ಕೈರೋದಲ್ಲಿ ರೈಲು ಹಿಡಿದೋಳು, ಹನೋಯ್‌ ಗಲ್ಲಿಗಲ್ಲೀಲಿ ಒಬ್ಬಳೇ ತಿರುಗಿದೋಳು, ಈಗ ಕಿಲ್ಡೇರ್‌ ಹಸುಗಳ ಮಧ್ಯೆ ಕಳೆದುಹೋಗಿದೀನಿ. ಮ್ಯಾಪ್ ನೋಡೇ ಎರಡು ಸಲ ತಪ್ಪು ಹೇಳಿದ್ದು ಕಣೆ. ಆ ನೀಲಿ ಗೆರೆ ನಿಂತ ಕಡೆ ನಿಲ್ತಿಲ್ಲ, ಎರೆಹುಳು ತರ ಹರಿತಿದೆ. ನಿದ್ದೆ ಸಾಲ್ದು. ನಮ್ಮೂರು ಕಾರ್ಕ್ ಬಿಟ್ಟಾಗ ಇನ್ನೂ ಕತ್ತಲಿತ್ತಲ್ಲ.

ಬೇಡ, ಬಾಳೆಹಣ್ಣು ಬೇಡ. ಸ್ಪಂದನಾ ಮನೇಲಿ ಹಾಲುಕ್ಕೋ ತನಕ ಬಾಯಿಗೇನೂ ಇಲ್ಲ. ಪೂಜೆಗೆ ಕೂರೋರು ಬರಿಹೊಟ್ಟೇಲಿರ್ಬೇಕು. ಪಾಪ, ಅವಳ ಕಡೆಯೋರಿಗೂ ವೀಸಾ ಇಲ್ಲ, ಗಂಡ ಪೃಥ್ವಿ ಕಡೆಯೋರಿಗೂ ಇಲ್ಲ. ಹೊಸ ಮನೆ, ಹಿರಿಯರಿಲ್ಲ. "ಶರ್ಮಿಳಾ ಆಂಟಿ, ನೀವೇ ನಮ್ಮ ಹಿರಿಯರು" ಅಂದ್ಲು. ಸೂಟ್‌ಕೇಸನ್ನೇ ಮನೆ ಮಾಡ್ಕೊಂಡೋಳಿಗೆ ಇದುವರೆಗೆ ಯಾರೂ ಹಾಗೆ ಅಂದಿರ್ಲಿಲ್ಲ. ಹೋಗದೆ ಇರೋಕಾಗುತ್ತಾ?

ಮಾತ್ರೆ? ತಗೊಂಡೆ. ಹೊರಡೋ ಮುಂಚೆನೇ ತಗೊಂಡೆ.

ನನಗೇ ಪಾಠ ಹೇಳ್ಬೇಡ ಮಾರಾಯ್ತಿ. ಮೂತ್ರಪಿಂಡದ ತಲೆ ಮೇಲಿರೋ ಎರಡು ಅಡ್ರಿನಲ್ ಗ್ರಂಥಿ, ಎರಡೂ ಕೆಲಸ ಬಿಟ್ಟು ಕೂತಿವೆ. ಜ್ವರ ಬಂದ್ರೆ ನಿನ್ನ ಮೈ ತಾನಾಗೇ ಕಾರ್ಟಿಸಾಲ್ ಹಾರ್ಮೋನು ಜಾಸ್ತಿ ಮಾಡ್ಕೊಳ್ಳುತ್ತೆ, ನನ್ನ ಮೈಗೆ ಮಾತ್ರೆ ಡಬಲ್ ಮಾಡಿ ಕೊಡ್ಬೇಕು, ಇಲ್ಲಾಂದ್ರೆ ಪ್ರಾಣಕ್ಕೇ ಕುತ್ತು. ಎಲ್ಲಾ ಬಾಯಿಪಾಠ. ಮೊದಮೊದಲು ಮೈ ಕಪ್ಪಾದಾಗ ಆಫೀಸಲ್ಲಿ "ಸ್ಪೇನ್‌ಗೆ ಹೋಗಿದ್ರಾ, ಒಳ್ಳೆ ಬಣ್ಣ" ಅಂದ್ರು. ಊರಲ್ಲಿರೋ ನಮ್ಮಕ್ಕ ಕಮಲಾ ಕಡಲೆಹಿಟ್ಟು ಹಚ್ಚು ಅಂದ್ಲು. ಹಚ್ಚಿದ್ದೂ ಆಯ್ತು. ಗ್ರಂಥಿ ಅನ್ನೋ ಮಾತು ಮಾತ್ರ ಯಾರ ಬಾಯಲ್ಲೂ ಬರ್ಲಿಲ್ಲ.

ಯಾಕೆ ನಿಲ್ಲಿಸ್ದೆ? ಹೊಲದ ಗೇಟಿಗೆ ಅಡ್ಡ ನಿಲ್ಲಿಸಿದ್ರೆ ಟ್ರ್ಯಾಕ್ಟರಿನೋನು ಬೈತಾನೆ.

ಪೆಟ್ರೋಲ್ ಬಂಕಲ್ಲಾ? ಮುಖ ತೊಳೆಯೋಕೆ ಹೋಗಿದ್ದೆ. ಕೇಳಿಸ್ತಾ... ವಾಂತಿ ಆಯ್ತು ಅಷ್ಟೆ, ಕಾರಿನ ವಾಸನೆ. ಒಂದೇ ಸಲ. ಆಯ್ತು, ಎರಡು ಸಲ.

ಇಂಜಿನ್ ಯಾಕೆ ಆಫ್ ಮಾಡ್ದೆ?

ಏನಾದ್ರೂ ಅನ್ನು ಜೋಯ್ಸ್. ಬೈಯಿ. ಮಂಗಳೂರಿನೋರು ಇಷ್ಟು ಹೊತ್ತು ಬಾಯಿ ಮುಚ್ಕೊಂಡು ಕೂತಿದ್ದು ನಾನು ನೋಡಿಲ್ಲ.

ಹಾಗೆ ನೋಡ್ಬೇಡ.

...

ತಗೊಂಡಿಲ್ಲ. ಮಾತ್ರೆ ಊಟದ ಜೊತೆ ತಗೋ ಅಂದಿದ್ರಲ್ಲ, ಊಟ ಇಲ್ಲ, ಹಾಗಾಗಿ ಮಾತ್ರೇನೂ ಇಲ್ಲ. ಹಾಲುಕ್ಕಿದ ಮೇಲೆ ತಗೊಂಡ್ರಾಯ್ತು ಅಂದ್ಕೊಂಡೆ. ನಿನ್ನೆ ಜ್ವರ ಇತ್ತು. ಅದಕ್ಕೂ ಡಬಲ್ ಮಾಡ್ಲಿಲ್ಲ. ಮಾಡಿದ್ರೆ ನಿನಗೆ ಗೊತ್ತಾಗ್ತಿತ್ತು, ಗೊತ್ತಾದ್ರೆ ಕರ್ಕೊಂಡು ಬರ್ತಿರ್ಲಿಲ್ಲ.

ಹೆದರಿಕೆ ಏನೂ ಆಗ್ತಿಲ್ಲ. ಅದೇ ವಿಚಿತ್ರ. ಕಾಲು ಯಾರದ್ದೋ, ನನ್ನ ಮುಂದೆ ತಂದಿಟ್ಟ ಹಾಗಿದೆ. ಹೆದರಿಸೋ ಗ್ರಂಥಿನೇ ಸತ್ತಿರೋವಾಗ ಹೆದರಿಕೆ ಎಲ್ಲಿಂದ ಬರ್ಬೇಕು, ಅಲ್ವಾ.

ಇಂಜೆಕ್ಷನ್ ಬ್ಯಾಗಿನ ಒಳಜೇಬಲ್ಲಿದೆ. ತೊಡೆಗೆ ಚುಚ್ಚು. ಸೀರೆ ಸರಿಸ್ತಾ ಕೂರ್ಬೇಡ, ರೇಷ್ಮೆ ಮೇಲಿಂದಲೇ ಹಾಕು, ತೂತಾದ್ರೆ ಆಗ್ಲಿ. ಆಂಬುಲೆನ್ಸ್‌ನೋರಿಗೆ ಮೊದಲ ಮಾತೇ ಅಡ್ರಿನಲ್ ಕ್ರೈಸಿಸ್ ಅನ್ನು, ಆಮೇಲೆ ಮಿಕ್ಕಿದ್ದು. ಸ್ಪಂದನಾಗೆ ಹೇಳು, ಕಾಯ್ಬೇಡ, ಒಲೆ ಹಚ್ಚು ಅಂತ.

ಗಾಬರಿ ಬೇಡ. ಮೊದಲು ಉಸಿರಾಡು. ನೀನು ಆಸ್ಪತ್ರೇಲಿ ಕಿತ್ತಳೆಹಣ್ಣಿಗೆ ಚುಚ್ಚಿ ಚುಚ್ಚಿ ಇದನ್ನ ಕಲಿತ ದಿನ ನನ್ನಿಂದ ಒಂದೇ ಒಂದು ಕೇಳಿದ್ದೆ. ಗ್ರ್ಯಾಂಡ್ ಗ್ರ್ಯಾಂಡ್ ಅಂತ ಎಲ್ಲರ ಹತ್ರ ಅಂದ್ಕೊಂಡಿರು, ನನ್ನ ಹತ್ರ ಮಾತ್ರ ನಿಜ ಹೇಳು ಅಂದಿದ್ದೆ ನೀನು. ಹೂಂ ಅಂದಿದ್ದೆ ನಾನು. ಆವತ್ತಿಂದ ಆ ಸಾಲ ಹಾಗೇ ಇದೆ.

ತಗೋ, ಈಗ ತೀರಿಸ್ತೀನಿ.

ನನಗೆ ಹುಷಾರಿಲ್ಲ ಜೋಯ್ಸ್. ಒಂಚೂರೂ ಹುಷಾರಿಲ್ಲ.