ಕರೆ ಮಾಡಿದವನಿಗೆ ಕಲಂ ಇಲ್ಲ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ ಎಂದೊಡನೆ ಅವನು ಜಿಪುಣನೋ ಗರ್ವಿಯೋ ಇರಬೇಕೆಂದು ನೀವು ಕಾಯುತ್ತೀರಿ. ಕಥೆಗಳು ನಮಗೆ ಹಾಗೆ ಅಭ್ಯಾಸ ಮಾಡಿಸಿವೆ. ಈ ಸಾಹುಕಾರ ಹಾಗಿರಲಿಲ್ಲ. ಪಾತ್ರೆ ಅಂಗಡಿ ಇಟ್ಟಿದ್ದ. ಬಿಸಿಲಲ್ಲಿ ಬಂದ ಗಿರಾಕಿಗೆ ಮೊದಲು ನೀರು, ಆಮೇಲೆ ವ್ಯಾಪಾರ. ತನ್ನ ಕಾರು ಓಡಿಸುವ ಹಾಲೇಶನಿಗೆ ಊಟದ ಹೊತ್ತಾದರೆ ತಾನೇ ನೆನಪು ಮಾಡುತ್ತಿದ್ದ. ಅವನಲ್ಲಿ ಒಂದೇ ಒಂದು ದೋಷವಿತ್ತು. ಅದು ದೋಷವೆಂದು ಅವನಿಗೂ ತಿಳಿದಿರಲಿಲ್ಲ, ಊರಿಗೂ ತಿಳಿದಿರಲಿಲ್ಲ. ಅವನು ಫೋನು ಮಾಡಿದರೆ ಎದುರಿನವರು ತಕ್ಷಣ ಎತ್ತಬೇಕು. ಎತ್ತದಿದ್ದರೆ ಮನಸ್ಸು ಕಲಕುತ್ತಿತ್ತು. ಸಿಟ್ಟಲ್ಲ, ನೋಡಿ, ಆತಂಕ. ಪ್ರೀತಿಯಿಂದ ಹುಟ್ಟಿದ ಆತಂಕ.

ದಿನಾ ಮಧ್ಯಾಹ್ನ ಹಾಲೇಶ ಶಾಲೆಯಿಂದ ಸಾಹುಕಾರನ ಮೊಮ್ಮಗಳನ್ನು ಕರೆತರುತ್ತಿದ್ದ. ಸಾಹುಕಾರ ಅಂಗಡಿಯಲ್ಲಿ ಕುಳಿತೇ ದಾರಿಯುದ್ದಕ್ಕೂ ಜೊತೆಗಿರುತ್ತಿದ್ದ.

"ಹೊರಟ್ಯೇನಪ್ಪಾ?"

"ಹೊರಟೆ ಯಜಮಾನ್ರೇ."

ಮೂರು ನಿಮಿಷ ಕಳೆಯುವುದರೊಳಗೆ, "ರೈಲ್ವೆ ಗೇಟು ತೆಗೆದಿದಾರಾ?" ಮತ್ತೆ, "ಪಾಪು ಡಬ್ಬಿ ಖಾಲಿ ಮಾಡಿದಾಳಾ, ಕೇಳು." ಹಾಲೇಶನ ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಕೈ ಕಿವಿಯ ಹತ್ತಿರ. ಪಾಪು ಹುಟ್ಟುವ ಮೊದಲಿಂದಲೂ, ಯಾವ ದಾರಿಯಲ್ಲಾದರೂ, ಹನ್ನೊಂದು ವರ್ಷ ಹೀಗೇ ನಡೆಯಿತು.

ಒಂದು ದಿನ ಸಾಹುಕಾರನಿಗೆ ಹಾಲೇಶನ ದನಿಯ ಬದಲು ಹೆಣ್ಣಿನ ದನಿ ಕೇಳಿಸಿತು.

"ಯಾರ್ರೀ ನೀವು, ಮೇಲಿಂದ ಮೇಲೆ ಫೋನ್ ಮಾಡ್ತಿರೋದು?"

"ಗಾಡಿ ನಂದಮ್ಮಾ. ನೀವ್ಯಾರು?"

"ಟ್ರಾಫಿಕ್ ಪೊಲೀಸು. ನಿಮ್ಮ ಡ್ರೈವರ್ ಫೋನಲ್ಲಿ ಮಾತಾಡ್ಕೊಂಡು ಬಂದು, ರಸ್ತೆ ದಾಟ್ತಿದ್ದ ಅಜ್ಜನ ಊರುಗೋಲಿಗೆ ತಾಗ್ಸಿ ನಿಲ್ಸಿದಾರೆ. ಅಜ್ಜಂಗೆ ಏನೂ ಆಗಿಲ್ಲ. ಮಗು ಹೆದರಿತ್ತು, ನೀರು ಕುಡ್ಸಿ ನೆರಳಲ್ಲಿ ಕೂರ್ಸಿದೀನಿ."

"ದಂಡ ಎಷ್ಟಾದ್ರೂ ಕಟ್ತೀನಿ, ಬಿಟ್ಬಿಡಮ್ಮಾ."

"ದಂಡ ನೀವು ಕಟ್ಬಹುದು ಸಾರ್. ಲೈಸೆನ್ಸು ಅವರದ್ದಲ್ವಾ? ಅದನ್ನ ಸಾರಿಗೆ ಕಚೇರಿಗೆ ಕಳಿಸ್ತಾ ಇದೀನಿ."

ಕಾನೂನು ಹೇಳುವುದು ಇಷ್ಟು. ಗಾಡಿ ಓಡಿಸುವಾಗ ಕೈಯಲ್ಲಿ ಫೋನು ಹಿಡಿದರೆ ಅದು ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ ಸಾವಿರದಿಂದ ಐದು ಸಾವಿರ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷದ ಜೈಲು, ಎರಡೂ ಆಗಬಹುದು. ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ಶಿಕ್ಷೆ ಇನ್ನೂ ಹೆಚ್ಚು. ಲೈಸೆನ್ಸೂ ಅಮಾನತಾಗಬಹುದು. ಸಾಹುಕಾರನಿಗೆ ದಂಡ ದೊಡ್ಡದಲ್ಲ. ಹಾಲೇಶನಿಗೆ? ಗಾಡಿ ಓಡಿಸುವುದು ಬಿಟ್ಟು ಅವನಿಗೆ ಬೇರೆ ಕಸುಬೇ ಗೊತ್ತಿರಲಿಲ್ಲ.

ವಿಚಾರಣೆಯ ದಿನ ಸಾಹುಕಾರನೂ ಕಚೇರಿಗೆ ಹೋದ. ಒಂದು ಮಾತು ಹೇಳಿ ಲೈಸೆನ್ಸು ಉಳಿಸಿಕೊಂಡು ಬರೋಣ ಎಂದುಕೊಂಡಿದ್ದ.

"ಓಡಿಸೋವಾಗ ಯಾಕ್ರೀ ಫೋನ್ ಎತ್ತಿದ್ರಿ?" ಅಧಿಕಾರಿ ಕೇಳಿದರು.

ಸಾಹುಕಾರ ಅಂದುಕೊಂಡ: ಈಗ ತನ್ನ ಹೆಸರು ಬರುತ್ತದೆ.

"ಚಟ ಆಗ್ಬಿಟ್ಟಿತ್ತು ಸಾರ್. ತಪ್ಪು ನಂದೇ," ಎಂದ ಹಾಲೇಶ.

ಹೆಸರು ಬರಲಿಲ್ಲ. ನೋಡಿ, ಹೆಸರು ಬರಲಿಲ್ಲ! ಬಂದಿದ್ದರೆ ಸಾಹುಕಾರ ವಾದ ಮಾಡುತ್ತಿದ್ದನೋ ಏನೋ. ಬಾರದೆ ಹೋದದ್ದಕ್ಕೆ ಅವನಿಗೆ ಕುಳಿತಿರಲಾಗಲಿಲ್ಲ. ಎದ್ದು ತನ್ನ ಫೋನನ್ನು ಮೇಜಿನ ಮೇಲಿಟ್ಟ.

"ಚಟ ಅವನದ್ದಲ್ಲ ಸ್ವಾಮಿ, ನಂದು. ಆವತ್ತು ಇಪ್ಪತ್ತು ನಿಮಿಷದಲ್ಲಿ ಏಳು ಸಲ ಫೋನ್ ಮಾಡಿದೀನಿ, ಇಲ್ಲೇ ಇದೆ ನೋಡಿ. ಶಿಕ್ಷೆ ನನಗೆ ಹಾಕಿ."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಫೋನು ನೋಡಿದರು. ಅವನನ್ನೂ ನೋಡಿದರು.

"ಫೋನ್ ಮಾಡಿದೋರಿಗೆ ಶಿಕ್ಷೆ ಹಾಕೋ ಕಲಂ ನನ್ನ ಹತ್ರ ಇಲ್ಲ ಯಜಮಾನ್ರೇ. ಎತ್ತಿದೋರಿಗೆ ಮಾತ್ರ."

ಹಾಲೇಶನ ಲೈಸೆನ್ಸು ಮೂರು ತಿಂಗಳು ಅಮಾನತಾಯಿತು. ಸಾಹುಕಾರ ಅವನ ಸಂಬಳ ನಿಲ್ಲಿಸಲಿಲ್ಲ. ಮಧ್ಯಾಹ್ನ ತಾನೇ ಕಾರು ಓಡಿಸುವುದೆಂದು ನಿಶ್ಚಯಿಸಿ, ಹಾಲೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಮೊದಲ ದಿನ ಅರ್ಧ ದಾರಿಯಲ್ಲಿ ಹೆಂಡತಿಯ ಫೋನು ಬಂತು. ಸಾಹುಕಾರನ ಕೈ ತಾನಾಗಿ ಜೇಬಿಗೆ ಹೋಯಿತು. ಹಾಲೇಶ ಆ ಕೈಯನ್ನು ಮೆಲ್ಲನೆ ಹಿಡಿದು ಮತ್ತೆ ಸ್ಟೀರಿಂಗಿನ ಮೇಲಿಟ್ಟ.

"ಎತ್ತದಿದ್ರೆ ಬೇಜಾರು ಮಾಡ್ಕೋತಾಳೆ ಕಣೋ."

"ನಾನೂ ಹನ್ನೊಂದು ವರ್ಷ ಹಾಗೇ ಅಂದ್ಕೊಂಡೆ ಯಜಮಾನ್ರೇ."

ಸಾಹುಕಾರ ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದ. ಫೋನು ಬಡಿದುಕೊಂಡು ತಾನೇ ಸುಮ್ಮನಾಯಿತು. ಲೋಕವೇನೂ ಮುಳುಗಲಿಲ್ಲ.

ಇಲ್ಲಿ ಕಥೆ ಕೇಳಲು ಕುಳಿತ ನಿಮ್ಮಲ್ಲಿ ಹಲವರಿಗೆ ಗಾಡಿ ಓಡಿಸಲು ಬರುವುದಿಲ್ಲ. ಈ ಕಾನೂನು ನಮಗಲ್ಲ, ಮಕ್ಕಳಿಗೆ, ಅಳಿಯಂದಿರಿಗೆ, ಆಟೋದವರಿಗೆ ಎಂದು ನೆಮ್ಮದಿಯಾಗಿದ್ದೀರಿ. ಹೌದೇ? ಅವರ ಕಿವಿಗೆ ಆ ಫೋನು ಹೋಗುವುದು ಯಾರಿಂದ? "ಎಲ್ಲಿದ್ದೀಯಾ" ಎಂದು ಕೇಳುವವರು ಯಾರು? "ಬರುವಾಗ ಕೊತ್ತಂಬರಿ ತಾ" ಎನ್ನುವವರು ಯಾರು? ಅದನ್ನು ಹೊರಡುವ ಮೊದಲೇ ಹೇಳಬಹುದಲ್ಲ! ಹೊರಟ ಮೇಲೆ ನೆನಪಾದರೆ, ಆ ದಿನ ಸಾರು ಕೊತ್ತಂಬರಿಯಿಲ್ಲದೆ ಆಗಲಿ. ಅಪ್ಪಿತಪ್ಪಿ ಫೋನು ಮಾಡಿದರೂ ಮೊದಲು ಕೇಳಬೇಕಾದದ್ದು ಒಂದೇ: ಗಾಡಿ ಓಡಿಸುತ್ತಿದ್ದೀಯಾ? ಹೌದೆಂದರೆ ಇಟ್ಟುಬಿಡಿ. ಅವರು ಎತ್ತದಿದ್ದರೆ ಮುನಿಸಿಕೊಳ್ಳಬೇಡಿ. ಎತ್ತದಿರುವುದೇ ಅವರು ನಿಮಗೆ ಕೊಡುವ ಮರ್ಯಾದೆ.

ಇನ್ನು ಸ್ವಲ್ಪ ಹೊತ್ತಿಗೆ ನೀವೆಲ್ಲ ಏಳುತ್ತೀರಿ. ನಿಮ್ಮನ್ನು ಕರೆದೊಯ್ಯಲು ಮನೆಯಿಂದ ಯಾರೋ ಹೊರಟಿರುತ್ತಾರೆ. ಇನ್ನೂ ಬರಲಿಲ್ಲವಲ್ಲ ಎಂದು ನಿಮ್ಮ ಕೈ ಫೋನಿಗಾಗಿ ಚೀಲದೊಳಗೆ ಹೋಗುತ್ತದೆ. ಆ ಕೈಯನ್ನು ಹೊರಗೆ ತೆಗೆಯಿರಿ. ಇಲ್ಲೇ ಹೊರಗಿನ ಮೆಟ್ಟಿಲ ಮೇಲೆ ಪಕ್ಕದವರೊಂದಿಗೆ ಎರಡು ಮಾತಾಡುತ್ತಾ ಕುಳಿತಿರಿ. ಐದು ನಿಮಿಷ ತಡವಾಗಿ ಬರಲಿ. ಬರಲಿ, ಅಷ್ಟೇ.